ಹಳೆಯ ನಕ್ಷೆ ಹೇಳದೆ ಬಿಟ್ಟದ್ದು

ರೈಲಿನ ಹಳೆಯ ಬಿಡಿಭಾಗಗಳ ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ‘ಗೆರೆ ನೋಡಿ ಗೆರೆ ಎಳೆಯುವುದು ತಾನೇ’ ಎಂದು ಹೊಸಬರು ಹಗುರವಾಗಿ ಮಾತನಾಡಿದಾಗಲೆಲ್ಲ ನಾನು ಟೊರ್ನೇಡೊ ಎಂಜಿನ್ನಿನ ಕಥೆ ತೆಗೆಯುತ್ತೇನೆ.

ಬ್ರಿಟನ್ನಿನಲ್ಲಿ 1948–49ರಲ್ಲಿ ಪೆಪರ್‌ಕಾರ್ನ್ ಎ1 ವರ್ಗದ 49 ಉಗಿ ಎಂಜಿನ್‌ಗಳು ತಯಾರಾಗಿದ್ದವು. 1966ರಲ್ಲಿ ಕೊನೆಯದೂ ಸೇವೆಯಿಂದ ಹೊರಬಿತ್ತು. ಎಲ್ಲವೂ ಗುಜರಿ ಪಾಲು. ನೋಡಲಿಕ್ಕೂ ಒಂದು ಉಳಿಯಲಿಲ್ಲ. 1990ರಲ್ಲಿ ಉತ್ಸಾಹಿಗಳು ಟ್ರಸ್ಟ್ ಕಟ್ಟಿಕೊಂಡು, ದೇಣಿಗೆ ಎತ್ತಿ, ಐವತ್ತನೆಯದನ್ನು ಹೊಸದಾಗಿ ಕಟ್ಟಲು ಹೊರಟರು. ಅದೇ ಟೊರ್ನೇಡೊ. ಡಾರ್ಲಿಂಗ್ಟನ್ನಿನಲ್ಲಿ ಅದು ಓಡತೊಡಗಿದ್ದು 2008ರಲ್ಲಿ.

ಮೂಲ ನಕ್ಷೆಗಳು ಯಾರ್ಕ್‌ನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದ್ದವು. ನಕ್ಷೆ ಸಿಕ್ಕಿತೆಂದರೆ ಮುಗಿಯಿತೇ? ಆ ಕಾಲದ ನಕ್ಷೆಗಳಲ್ಲಿ ಎಷ್ಟೋ ಕಡೆ ಪಿನ್ನಿಗೂ ಎರಡು ಇಂಚು, ಅದು ಕೂರುವ ತೂತಿಗೂ ಎರಡು ಇಂಚು ಎಂದಷ್ಟೇ ಇರುತ್ತದೆ. ತಿರುಗಬೇಕಾದ ಪಿನ್ನಿಗೆ ಕೂದಲೆಳೆಯಷ್ಟು ಸಡಿಲ ಬೇಕು. ಒತ್ತಿ ಕೂರಿಸುವ ಪಿನ್ನಿಗೆ ಅಷ್ಟೇ ಬಿಗಿ ಬೇಕು. ಅದು ಫಿಟ್ಟರನ ಕೈಗೆ ಗೊತ್ತಿದ್ದ ಸಂಗತಿಯಾದ್ದರಿಂದ ಬರೆದಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಈಗ ಆ ಫಿಟ್ಟರ್ ಇಲ್ಲ. ಯಾವುದೋ ಊರಿನ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತವನು ನಕ್ಷೆಯಲ್ಲಿ ಇದ್ದಷ್ಟನ್ನೇ ಮಾಡಿ ಕಳಿಸುತ್ತಾನೆ. ಅವನ ತಪ್ಪೂ ಅಲ್ಲ. ಹಾಗಾಗಿ ನನ್ನ ಹೊತ್ತೆಲ್ಲ ಹೋಗುವುದು ಈ ಪಿನ್ ತಿರುಗುತ್ತದೆಯೇ, ಎಣ್ಣೆ ಎಲ್ಲಿಂದ ಬರುತ್ತದೆ, ಬಿಸಿಗೆ ಯಾವುದು ಹಿಗ್ಗುತ್ತದೆ ಎಂದು ತಲೆ ಕೆಡಿಸಿಕೊಳ್ಳುವುದರಲ್ಲೇ.

ಇನ್ನು ‘ಇದ್ದ ಹಾಗೆಯೇ ಮಾಡಿಕೊಡಿ’ ಎನ್ನುವ ಗ್ರಾಹಕರು. ಅವರಿಗೂ ನಾನು ಟೊರ್ನೇಡೊವನ್ನೇ ತೋರಿಸುತ್ತೇನೆ. ಮೂಲ ಎ1ರ ಬೆಂಕಿಗೂಡು ತಾಮ್ರದ್ದು. ಟೊರ್ನೇಡೊದ ಬಾಯ್ಲರ್ ಜರ್ಮನಿಯ ಮೈನಿಂಗೆನ್‌ನಲ್ಲಿ ವೆಲ್ಡಿಂಗ್ ಮಾಡಿ ಕಟ್ಟಿದ್ದು, ಬೆಂಕಿಗೂಡು ಉಕ್ಕಿನದು. ಓಡುತ್ತಲೇ ನೀರು ಮೊಗೆದುಕೊಳ್ಳಲು ಹಳಿಗಳ ನಡುವೆ ಇದ್ದ ತೊಟ್ಟಿಗಳು ಈಗಿಲ್ಲ. ಮೊಗೆಯುವ ಸಾಧನ ಬಿಟ್ಟು, ಕಲ್ಲಿದ್ದಲಿನ ಜಾಗ ತಗ್ಗಿಸಿ ನೀರಿನ ಟ್ಯಾಂಕ್ ಹಿಗ್ಗಿಸಿದರು. ಹಾಗಾದರೆ ಇದು ಅಸಲಿಯಲ್ಲ ಎಂದು ಮೂಗು ಮುರಿಯುವವರಿದ್ದಾರೆ. 2017ರಲ್ಲಿ ಗಂಟೆಗೆ 100 ಮೈಲಿ ಮುಟ್ಟಿದ ಎಂಜಿನ್ನಿನ ಬಗ್ಗೆ ನನಗಂತೂ ಆ ತಕರಾರಿಲ್ಲ.

ಅದೇ ಟ್ರಸ್ಟ್ ಈಗ 1934ರ ಪಿ2 ವರ್ಗದ ಎಂಜಿನ್ ಕಟ್ಟುತ್ತಿದೆ. ಮೂಲ ಪಿ2ಗಳಲ್ಲಿ ಚಕ್ರ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್ ಅಚ್ಚು, ಕೈಕೊಡುತ್ತಿತ್ತು. ಹೊಸದಕ್ಕೆ ಆ ಅಚ್ಚನ್ನು ಮರುವಿನ್ಯಾಸ ಮಾಡಿದ್ದಾರೆ. ನಮ್ಮ ಕಚೇರಿಯಲ್ಲೂ ಅಳತೆ ಬದಲಿಸಲು ಹಿಂಜರಿಯುವುದಿಲ್ಲ. ಆದರೆ ಹಳೆಯ ಅಳತೆ ಏನಿತ್ತು, ಏಕೆ ಬದಲಾಯಿತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯದ ನಕ್ಷೆಗೆ ನಾನು ಸಹಿ ಹಾಕುವುದಿಲ್ಲ.