ಬ್ರಿಸಲ್ ವರ್ಮ್ ಕಂಡ ಕೂಡಲೇ ಔಷಧಿ ಸುರಿಯಬೇಡಿ

ಮರೀನ್ ಟ್ಯಾಂಕಿನ (ಕಡಲ ಮೀನು, ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಲೈಟ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಹಾಕಿ ನೋಡಿ. ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿರುವ ಕಡಲ ಕಲ್ಲು) ಸಂದಿಗಳಿಂದ ಗುಲಾಬಿ, ಕಂದು ಬಣ್ಣದ ಹುಳುಗಳು ಮೈ ಚಾಚಿಕೊಂಡು ಬರುತ್ತವೆ. ಎರಡೂ ಪಕ್ಕ ಸಣ್ಣ ಬಿರುಗೂದಲು. ಇವೇ ಬ್ರಿಸಲ್ ವರ್ಮ್. ಹೆಚ್ಚಿನವು ಯಾರಿಗೂ ತೊಂದರೆ ಕೊಡುವುದಿಲ್ಲ. ಮೀನು ತಿನ್ನದೆ ಬಿಟ್ಟ ಆಹಾರ, ಕೈಗೆ ಸಿಗದ ಜಾಗದಲ್ಲಿ ಸತ್ತ ಬಸವನಹುಳು, ಎಲ್ಲವನ್ನೂ ಕೊಳೆತು ನೀರು ಕೆಡುವ ಮೊದಲೇ ತಿಂದು ಮುಗಿಸುತ್ತವೆ. ಸತ್ತ ಮೀನಿನ ಮೇಲೆ ಇವು ಮುತ್ತಿದ್ದರೆ ಇವೇ ಕೊಂದವು ಅಂತ ಅನ್ನಿಸುತ್ತದೆ. ಸಾಮಾನ್ಯವಾಗಿ ಮೀನು ಮೊದಲೇ ಸತ್ತಿರುತ್ತದೆ.

ಸಂಖ್ಯೆ ತುಂಬಾ ಏರಿದೆಯಾ? ಹಾಗಾದರೆ ನೀವು ಹಾಕುತ್ತಿರುವ ಆಹಾರ ಜಾಸ್ತಿಯಾಗಿದೆ. ಅದನ್ನು ಕಡಿಮೆ ಮಾಡಿ, ಮರಳಿನ ಮೇಲಿನ ಕಸವನ್ನು ಪೈಪಿನಿಂದ ಎಳೆದು (ಸೈಫನ್) ತೆಗೆಯಿರಿ, ನಿಧಾನವಾಗಿ ಅವೂ ಕಡಿಮೆಯಾಗುತ್ತವೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಕೂದಲು ಚರ್ಮಕ್ಕೆ ನಾಟಿದರೆ ವಿಪರೀತ ಉರಿ. ನಾಟಿದ್ದರೆ ಉಜ್ಜದೆ ಅಂಟು ಟೇಪ್ ಒತ್ತಿ ಎಳೆಯಿರಿ. ಇದೇ ಜಾತಿಗೆ ಹತ್ತಿರದ ಫೈರ್ ವರ್ಮ್‌ಗಳಲ್ಲಿ ಕೆಲವು ಮಾತ್ರ ಹವಳ ತಿನ್ನುತ್ತವೆ, ಅವನ್ನು ಚಿಮಟದಲ್ಲಿ ಹಿಡಿದು ಹೊರಗೆ ಹಾಕಲೇಬೇಕು.

ನನಗೆ ನಿಜವಾಗಿ ಭಯ ಇರುವುದು ಕೆಂಪು ಫ್ಲ್ಯಾಟ್‌ವರ್ಮ್ ಬಗ್ಗೆ. ತುಕ್ಕಿನ ಬಣ್ಣದ, ಚಪ್ಪಟೆಯಾದ ಸಣ್ಣ ಹುಳು. ಹವಳವನ್ನು ತಿನ್ನುವುದಿಲ್ಲ, ಆದರೆ ಅದರ ಮೇಲೆ ಪದರವಾಗಿ ಕೂತು ಬೆಳಕು ತಪ್ಪಿಸುತ್ತದೆ. ಬದುಕಿರುವಾಗ ಮಾಡುವ ಹಾನಿಗಿಂತ ಸಾಯುವಾಗ ಮಾಡುವುದೇ ದೊಡ್ಡದು, ಏಕೆಂದರೆ ಇವುಗಳ ಮೈಯಲ್ಲಿ ವಿಷವಿದೆ, ಔಷಧಿ ಹಾಕಿ ಸಾವಿರಾರು ಹುಳು ಒಟ್ಟಿಗೆ ಸತ್ತರೆ ಆ ವಿಷವೆಲ್ಲ ನೀರಿಗೆ ಸೇರಿ ಮೀನುಗಳೂ ಹೋಗಬಹುದು. ಆದ್ದರಿಂದ ಮೊದಲು ಸಣ್ಣ ಪೈಪಿನಿಂದ ದಿನವೂ ಎಳೆದು ತೆಗೆಯಿರಿ, ಬೇಸರವಾದರೂ ಬಿಡಬೇಡಿ. ಕಣ್ಣಿಗೆ ಕಾಣುವುದು ತೀರಾ ಕಡಿಮೆಯಾದ ಮೇಲೆ ಮಾತ್ರ ಫ್ಲ್ಯಾಟ್‌ವರ್ಮ್ ಎಕ್ಸಿಟ್‌ನಂಥ ಔಷಧಿ. ಹಾಕುವ ಮೊದಲೇ ಬದಲಿಸಲು ಉಪ್ಪುನೀರು, ವಿಷ ಹೀರಿಕೊಳ್ಳಲು ಹೊಸ ಆಕ್ಟಿವೇಟೆಡ್ ಕಾರ್ಬನ್ (ಇದ್ದಿಲು) ಎರಡೂ ಸಿದ್ಧವಾಗಿರಲಿ.

ಈ ಫ್ಲ್ಯಾಟ್‌ವರ್ಮ್ ತಿನ್ನಲು ಟ್ಯಾಂಕಿಗೆ ಸಿಕ್ಸ್‌ಲೈನ್ ರಾಸ್ ಮೀನು ತಂದು ಬಿಟ್ಟರೆ ಸಾಕು ಅನ್ನುವವರಿದ್ದಾರೆ. ಕೆಲವು ತಿನ್ನುತ್ತವೆ, ಕೆಲವು ಮೂಸಿಯೂ ನೋಡುವುದಿಲ್ಲ, ಜೊತೆಗೆ ಸಣ್ಣ ಮೀನುಗಳನ್ನು ಅಟ್ಟಾಡಿಸುತ್ತವೆ. ನೀಲಿ ವೆಲ್ವೆಟ್ ನುಡಿಬ್ರಾಂಕ್ ಎಂದು ಕರೆಯುವ, ಚಿಪ್ಪು ಕಾಣದ ಕಡಲ ಬಸವನಹುಳು ಚೆನ್ನಾಗಿಯೇ ತಿನ್ನುತ್ತದೆ. ಆದರೆ ಅದಕ್ಕೆ ಫ್ಲ್ಯಾಟ್‌ವರ್ಮ್ ಬಿಟ್ಟು ಬೇರೆ ಊಟವಿಲ್ಲ. ಹುಳು ಮುಗಿದ ದಿನದಿಂದ ಉಪವಾಸ, ಆಮೇಲೆ ಸಾವು. ಸುಮ್ನೆ ಒಂದು ಜೀವ ತಂದು ಕೊಲ್ಲುವುದು ನನಗೆ ಒಪ್ಪಿಗೆಯಿಲ್ಲ. ಹುಳು ಇರುವ ಇನ್ನೊಬ್ಬರ ಟ್ಯಾಂಕಿಗೆ ಅದನ್ನು ದಾಟಿಸುವ ಏರ್ಪಾಡಿದ್ದರೆ ಮಾತ್ರ ತನ್ನಿ.

ಅಕ್ರೊಪೋರಾ ಎಂಬ ಹವಳ ಸಾಕುವವರಿಗೆ ಇನ್ನೊಂದು ಕಾಟ. ಅದನ್ನೇ ತಿನ್ನುವ ಫ್ಲ್ಯಾಟ್‌ವರ್ಮ್ ಹವಳದ ಬಣ್ಣದಲ್ಲೇ ಇರುತ್ತದೆ, ಕಚ್ಚಿದ ದುಂಡನೆಯ ಗುರುತು ನೋಡಿಯೇ ಹಿಡಿಯಬೇಕು. ಡಿಪ್ ಮಾಡಿದರೆ, ಅಂದರೆ ಹವಳವನ್ನು ಔಷಧಿ ಬೆರೆಸಿದ ನೀರಿನಲ್ಲಿ ಅದ್ದಿದರೆ ಹುಳು ಉದುರುತ್ತದೆ, ಮೊಟ್ಟೆ ಸಾಯುವುದಿಲ್ಲ. ಒಂದೇ ಸಲ ಅದ್ದಿ ಟ್ಯಾಂಕಿಗೆ ಇಳಿಸಿದರೆ ಏನೂ ಮಾಡಿದಂತಾಗಲಿಲ್ಲ. ಹೊಸ ತುಂಡನ್ನು ಬೇರೆ ಟ್ಯಾಂಕಿನಲ್ಲಿಟ್ಟು, ವಾರಕ್ಕೊಮ್ಮೆಯಾದರೂ ಡಿಪ್ ಮಾಡುತ್ತಾ ಕೆಲವು ವಾರ ಕಾಯಬೇಕು. ಮೊಟ್ಟೆಗಳು ಬುಡದ ಸತ್ತ ಭಾಗಕ್ಕೆ ಅಂಟಿರುತ್ತವೆ. ಆ ಭಾಗವನ್ನು ಕತ್ತರಿಸಿ ಬಿಸಾಡಿ, ಹವಳ ಅಂಟಿಕೊಂಡು ಬಂದ ಪ್ಲಗ್ಗನ್ನೂ (ಪುಟ್ಟ ಬಿಲ್ಲೆ) ಬಿಸಾಡಿ, ಹೊಸ ಪ್ಲಗ್ಗಿಗೆ ಅಂಟಿಸಿ.