ಹಳೇ ದೋಣಿ ಮೋಟಾರು ತಣ್ಣಗಿದ್ದಾಗಲೇ ನೋಡಬೇಕು

ಇಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೆಯೇ '10,000 ಕೆರೆಗಳು' ಅಂತ ಬರೆದಿರುತ್ತದೆ. ಅಮೆರಿಕದ ಈ ಮಿನ್ನೆಸೋಟ ರಾಜ್ಯದವರು ಲೆಕ್ಕ ಸ್ವಲ್ಪ ಕಡಿಮೆಯೇ ಹೇಳುತ್ತಾರೆ. ಹತ್ತು ಎಕರೆ ಮೇಲ್ಪಟ್ಟ ಕೆರೆಗಳೇ 11,842 ಇವೆ. ಏಪ್ರಿಲ್‌ನಲ್ಲಿ ಐಸ್ ಕರಗಿತು ಅಂದ್ರೆ ಸಾಕು, ಊರಿಗೆ ಊರೇ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಹೊರಡುತ್ತದೆ. ನಮ್ಮ ಮನೆಯಲ್ಲೂ ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿ ಒಂದಿದೆ. ಹುಟ್ಟು ಹಾಕಿಕೊಂಡು ಹೋಗುವಾಗ ಖುಷಿಯೇ. ವಾಪಸ್ ಬರುವಾಗ ಎದುರು ಗಾಳಿ ಬೀಸಿದರೆ ರಟ್ಟೆ ಬಿದ್ದುಹೋಗುತ್ತದೆ. ಹಾಗಾಗಿ ಈ ವರ್ಷ ಒಂದು ಸಣ್ಣ ಮೋಟಾರು ತಗೊಂಡೆ.

ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿ ಹಲಗೆಗೆ ಸಿಕ್ಕಿಸುವ ಮೋಟಾರು. ಮೇಲೆ ಎಂಜಿನ್, ನಡುವೆ ಉದ್ದನೆಯ ಶಾಫ್ಟ್, ನೀರೊಳಗೆ ಗೇರ್‌ಬಾಕ್ಸ್ ಮತ್ತು ಪ್ರೊಪೆಲ್ಲರ್. ಇದನ್ನು ಜನಸಾಮಾನ್ಯರ ಕೈಗೆ ತಂದವರಲ್ಲಿ ಒಬ್ಬ ಓಲೆ ಎವಿನ್‌ರೂಡ್. ನಾರ್ವೆಯಿಂದ ಬಂದು ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ನೆಲೆಸಿದ್ದ. ಮೆಚ್ಚಿದ ಹುಡುಗಿಗೆ ಐಸ್‌ಕ್ರೀಮ್ ತರಲು ಕೆರೆ ದಾಟಿ ಹೋದವನು ಹುಟ್ಟು ಹಾಕಿ ಹಾಕಿ ವಾಪಸ್ ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಕಥೆ ಎಷ್ಟು ನಿಜವೋ, 1909ರಲ್ಲಿ ಅವನು ಮೋಟಾರು ಮಾರಲು ಶುರು ಮಾಡಿದ್ದಂತೂ ನಿಜ. 2020ರಲ್ಲಿ ಆ ಹೆಸರಿನ ಮೋಟಾರುಗಳ ತಯಾರಿಕೆ ನಿಂತಿತು. ಹಳೆಯವು ಮಾತ್ರ ಇನ್ನೂ ಮನೆಮನೆಯ ಗ್ಯಾರೇಜಿನಲ್ಲಿವೆ. ನಾನು ನೋಡಲು ಹೊರಟಿದ್ದೂ ಅಂಥದ್ದೇ ಒಂದು, 9.9 ಎಚ್‌ಪಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಥರದ್ದು. ಹೊಸ ಫೋರ್ ಸ್ಟ್ರೋಕ್‌ಗೆ ಎರಡೂವರೆ ಸಾವಿರ ಡಾಲರ್ ಮೇಲೆಯೇ ಕೊಡಬೇಕು. ಇದಕ್ಕೆ 700 ಹೇಳಿದ್ದರು.

ಸಲಹೆಗೆ ಫೋನ್ ಮಾಡಿದ್ದು ಮೂಡಿಗೆರೆಗೆ. ದೊಡ್ಡಪ್ಪನ ಮಗ ಅಣ್ಣನದು ಅಲ್ಲಿ ತೋಟದ ಮೆಷಿನ್‌ಗಳ ರಿಪೇರಿ ಅಂಗಡಿ. ಕಳೆ ಹೊಡೆಯುವ ಮೆಷಿನ್, ಔಷಧಿ ಸ್ಪ್ರೇಯರ್, ಮರ ಕೊಯ್ಯುವ ಗರಗಸ, ಎಲ್ಲ ಅವನ ಕೈಗೇ ಬರುತ್ತವೆ. ದೋಣಿ ಮೋಟಾರನ್ನು ಅವನು ಬಿಚ್ಚಿದವನಲ್ಲ. ಆದರೆ ಟೂ ಸ್ಟ್ರೋಕ್ ಎಲ್ಲಿದ್ದರೂ ಟೂ ಸ್ಟ್ರೋಕೇ ಅಲ್ವಾ?

"ಮೊದಲೇ ಹೇಳಿಬಿಡು, ನೀನು ಹೋಗೋ ತನಕ ಸ್ಟಾರ್ಟ್ ಮಾಡಬಾರದು ಅಂತ" ಎಂದ ಅಣ್ಣ. "ಬಿಸಿ ಎಂಜಿನ್ ಎಲ್ಲಾನೂ ಮುಚ್ಚಿಡುತ್ತೆ ಕಣೋ. ಕೈ ಇಟ್ಟು ನೋಡು. ಬೆಚ್ಚಗಿದ್ರೆ ಸುಮ್ನೆ ಕಾಫಿ ಕುಡಿದು ಬಾ."

ಇಡೀ ವ್ಯಾಪಾರದಲ್ಲಿ ಇದಕ್ಕಿಂತ ಉಪಯೋಗದ ಮಾತು ನನಗೆ ಬೇರೆ ಯಾರೂ ಹೇಳಲಿಲ್ಲ. ಒಮ್ಮೆ ಕಾದ ಎಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಬೆಳಗ್ಗೆ ಕೆರೆ ದಡದಲ್ಲಿ, ಚಳಿಯಲ್ಲಿ, ನೀವೊಬ್ಬರೇ ಇದ್ದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ತಣ್ಣಗಿದ್ದಾಗ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಮಾರುತ್ತಿದ್ದವರು ಒಬ್ಬ ಅಜ್ಜ, ಒಳ್ಳೇ ಮನುಷ್ಯ. ಕೇಳಿಕೊಂಡಂತೆ ಮೋಟಾರನ್ನು ಮುಟ್ಟದೆ ಹಾಗೇ ಬಿಟ್ಟಿದ್ದರು. ಅಲ್ಲಿ ಬೆಳಗ್ಗೆ ಒಂಬತ್ತು, ಮೂಡಿಗೆರೆಯಲ್ಲಿ ಸಂಜೆ ಏಳೂವರೆ. ಅಣ್ಣ ಅಂಗಡಿ ಬಾಗಿಲು ಎಳೆದು ವಿಡಿಯೋ ಕಾಲ್‌ನಲ್ಲಿ ಕೂತಿದ್ದ. ಹೊರಗೆ ಮಳೆ, ಕರೆಂಟ್ ಇಲ್ಲ, ಅವನ ಮುಖ ಅರ್ಧ ಕತ್ತಲಲ್ಲಿ.

ಪೇಂಟು ನೋಡಲೇ ಬೇಡ, ಕೆಳಗಿಂದ ಶುರು ಮಾಡು ಅಂದ. ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ಸ್ಕ್ರೂ ಒಂದಿರುತ್ತದೆ. ಅದನ್ನು ಸ್ವಲ್ಪ ಸಡಿಲಿಸಿದರೆ ನಾಲ್ಕು ಹನಿ ಬರುತ್ತದೆ, ಅಷ್ಟು ಸಾಕು. ಕಪ್ಪಗೆ ಬಂದರೆ ಹಳೇ ಆಯಿಲ್, ಚಿಂತೆ ಇಲ್ಲ. ಹಾಲು ಹಾಕಿದ ಕಾಫಿ ಥರ ಬಂದರೆ ನೀರು ತಡೆಯುವ ಸೀಲ್ ಹೋಗಿ ಒಳಗೆ ನೀರು ಸೇರಿದೆ ಅಂತ. ನಮ್ಮ ಕಡೆ ಇದು ಬರೀ ಬೇರಿಂಗಿನ ಸಮಸ್ಯೆ. ಇಲ್ಲಿ ಇನ್ನೂ ದೊಡ್ಡದು. ಆಯಿಲ್‌ಗಿಂತ ನೀರು ಭಾರ, ಅದು ತಳದಲ್ಲಿ ನಿಲ್ಲುತ್ತದೆ. ಜನವರಿಯಲ್ಲಿ ಮೈನಸ್ ಇಪ್ಪತ್ತಕ್ಕೆ ಇಳಿದಾಗ ಆ ನೀರು ಐಸ್ ಆಗಿ ಹಿಗ್ಗಿ ಗೇರ್‌ಬಾಕ್ಸನ್ನೇ ಒಡೆದುಬಿಡುತ್ತದೆ. ಈ ಮೋಟಾರಿನಲ್ಲಿ ಬಂದಿದ್ದು ಕಪ್ಪು ಹನಿ.

ಆಮೇಲೆ ಪ್ರೊಪೆಲ್ಲರ್ ಬಿಚ್ಚಿಸಿದೆ. ಪಿನ್ ಎಳೆದು, ನಟ್ಟು ತೆಗೆದು, ರೆಕ್ಕೆ ಹೊರಗೆ ಜಾರಿಸಿದರೆ ಶಾಫ್ಟಿಗೆ ಮೀನಿನ ಗಾಳದ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ನೋಡಲು ಏನೂ ಅಲ್ಲ. ಆದರೆ ತಿರುಗಿ ತಿರುಗಿ ಸೀಲ್ ಕತ್ತರಿಸುವುದು ಇದೇ ದಾರ. ಅಜ್ಜ ಚಾಕು ತಂದು ಮೆಲ್ಲಗೆ ಕೊಯ್ದು ತೆಗೆದರು. ಸೀಲಿಗೆ ಇನ್ನೂ ಏಟು ಬಿದ್ದಿರಲಿಲ್ಲ, ಪುಣ್ಯ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜನ್ನು ಇಲ್ಲಿ ಕೊಳ್ಳಬೇಕಾಗಿಲ್ಲ. ಕಾರಿನ ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳು ಡೆಪಾಸಿಟ್ ಇಟ್ಟುಕೊಂಡು ಕೊಡುತ್ತವೆ, ವಾಪಸ್ ಕೊಟ್ಟರೆ ಪೂರ್ತಿ ದುಡ್ಡು ಕೈಗೆ. ಎರಡೂ ಸ್ಪಾರ್ಕ್ ಪ್ಲಗ್ ತೆಗೆದು ಹಗ್ಗ ಎಳೆದಾಗ ಒಂದು ಸಿಲಿಂಡರ್ 105 ಪಿಎಸ್‌ಐ ತೋರಿಸಿತು, ಇನ್ನೊಂದು 100. ಅಂಕಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎರಡೂ ಹತ್ತಿರ ಹತ್ತಿರ ಇರಬೇಕು. ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಪಡಬೇಕು.

ಸ್ಟಾರ್ಟ್ ಮಾಡಿದ್ದು ಕಸದ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಮೋಟಾರಿನ ಬುಡ ಅದರೊಳಗೆ ಇಳಿಬಿಟ್ಟು. ನೀರಿಲ್ಲದೆ ಇದನ್ನು ಓಡಿಸಲೇಬಾರದು. ಎಂಜಿನ್ ತಣ್ಣಗಾಗುವುದು ಕೆರೆಯ ನೀರಿನಿಂದಲೇ, ಅದನ್ನು ಮೇಲಕ್ಕೆತ್ತುವುದು ಒಳಗಿರುವ ಒಂದು ರಬ್ಬರ್ ಇಂಪೆಲ್ಲರ್. ಒಣಗಿ ತಿರುಗಿದರೆ ಆ ರಬ್ಬರು ಬಹುಬೇಗ ಸುಟ್ಟುಹೋಗುತ್ತದೆ. ಪಂಪ್ ಸರಿಯಿದ್ದರೆ ಹಿಂಬದಿಯ ಸಣ್ಣ ತೂತಿನಿಂದ ನೀರು ಗಟ್ಟಿಯಾಗಿ ಚಿಮ್ಮಬೇಕು. ಇದರಲ್ಲಿ ತೊಟ್ಟಿಕ್ಕುತ್ತಿತ್ತು. ಅಜ್ಜ ಎಂಜಿನ್ ನಿಲ್ಲಿಸಿ ತೂತಿಗೆ ತಂತಿ ತೂರಿಸಿದರು, ಹುಳ ಕಟ್ಟಿದ ಮಣ್ಣು ಹೊರಬಂತು. ಆಮೇಲೆ ನೀರು ಸರಿಯಾಗಿ ಚಿಮ್ಮಿತು.

ಆದರೂ ಶಬ್ದ ಒಂದೇ ಸಮನೆ ಇರಲಿಲ್ಲ. ಅಣ್ಣ ಫೋನನ್ನು ಎಂಜಿನ್ ಹತ್ತಿರ ಹಿಡಿಸಿದ.

"ಸ್ವಲ್ಪ ರೇಸ್ ಮಾಡು. ಹಾಂ, ಸರಿಯಾಯ್ತಲ್ಲ? ಬಿಡು. ನೋಡು, ಮತ್ತೆ ಎಡವುತ್ತೆ. ಕಾರ್ಬ್ಯುರೇಟರಿನ ಸಣ್ಣ ತೂತು, ಸ್ಲೋ ಜೆಟ್, ಕಟ್ಟಿದೆ ಅಷ್ಟೇ. ಹಳೇ ಪೆಟ್ರೋಲ್ ನಿಲ್ಲಿಸಿದಾರೆ."

"ತಗೋಬಹುದಾ ಅಣ್ಣಾ?"

"ನೂರು ಕಮ್ಮಿ ಕೇಳು."

ಆರುನೂರಕ್ಕೆ ಮುಗಿಯಿತು. ಸೀರಿಯಲ್ ನಂಬರಿನ ಪಟ್ಟಿ ಜಾಗದಲ್ಲೇ ಇತ್ತು. ಅದು ಕಿತ್ತುಹೋಗಿದ್ದರೆ ಕದ್ದ ಮಾಲು ಇರಬಹುದು, ಎಷ್ಟೇ ಅಗ್ಗವಾದರೂ ಬಿಟ್ಟು ಬರಬೇಕು. ಶಾಫ್ಟಿನ ಅಳತೆ ಮನೆಯಲ್ಲೇ ನೋಡಿಕೊಂಡಿದ್ದೆ. ನಮ್ಮ ದೋಣಿಯ ಹಿಂಬದಿ ಹಲಗೆಯ ಎತ್ತರ 15 ಇಂಚು, ಹಾಗಾಗಿ ಶಾರ್ಟ್ ಶಾಫ್ಟ್. 20 ಇಂಚಿನದು ತಂದಿದ್ದರೆ ನೀರನ್ನು ಎಳೆದಾಡಿಕೊಂಡು ಹೋಗುತ್ತಿತ್ತು.

ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಇಂಪೆಲ್ಲರ್ ಚೆನ್ನಾಗಿಯೇ ಇದ್ದರೂ ಹೊಸದು ಹಾಕಿದೆ. ಅಗ್ಗದ ರಬ್ಬರಿಗೆ ಜುಗ್ಗತನ ಮಾಡಿ ಎಂಜಿನ್ ಸುಟ್ಟುಕೊಳ್ಳುವುದು ಯಾಕೆ? ಪೆಟ್ರೋಲ್ ಲೀಟರಿಗೆ 20 ಎಂಎಲ್ ಆಯಿಲ್, ಅಂದರೆ 50ಕ್ಕೆ 1. ಬೈಕಿನ ಟೂಟಿ ಆಯಿಲ್ ಇದಕ್ಕೆ ಆಗುವುದಿಲ್ಲ. ಬೂದಿ ಬಿಡದ, 'ಟಿಸಿ-ಡಬ್ಲ್ಯು3' ಗುರುತಿನ ದೋಣಿ ಆಯಿಲ್ಲೇ ಬೇಕು. ಎಥೆನಾಲ್ ಇಲ್ಲದ ಪೆಟ್ರೋಲ್ ಇಲ್ಲಿ ಕೆಲವು ಬಂಕ್‌ಗಳಲ್ಲಿ ಸಿಗುತ್ತದೆ, ದೋಣಿ ಮತ್ತು ಸಣ್ಣ ಎಂಜಿನ್‌ಗಳಿಗೆ ಅಂತಲೇ. ಇದನ್ನು ಕೇಳಿ ಅಣ್ಣನಿಗೆ ಹೊಟ್ಟೆ ಉರಿಯಿತು. ಊರಲ್ಲಿ ಈಗ ಶೇಕಡಾ 20 ಎಥೆನಾಲ್ ಪೆಟ್ರೋಲ್. ಅದು ಒಳಗೇ ನಿಂತು ಕೆಟ್ಟು, ತಿಂಗಳುಗಟ್ಟಲೆ ನಿಂತ ಕಳೆ ಮೆಷಿನ್‌ಗಳೆಲ್ಲ ಅವನ ಅಂಗಡಿ ಮುಂದೆ ಸಾಲು ನಿಲ್ಲುತ್ತವಂತೆ.

ಮೋಟಾರು ಕಟ್ಟಿದ ದೋಣಿಯನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯಲ್ಲಿ ನೋಂದಾಯಿಸಲೇಬೇಕು. ಮೂರು ವರ್ಷಕ್ಕೊಮ್ಮೆ ನವೀಕರಣ, ನಂಬರನ್ನು ದೋಣಿಯ ಮೂತಿಗೆ ಅಂಟಿಸಬೇಕು. ಕೆರೆಯಿಂದ ಹೊರಡುವಾಗ ತಳದ ಬಿರಡೆ ತೆಗೆದು ನೀರೆಲ್ಲ ಚೆಲ್ಲಿಯೇ ರಸ್ತೆಗೆ ಇಳಿಯಬೇಕು ಅನ್ನುವುದೂ ಕಾನೂನು. ಜೀಬ್ರಾ ಮಸೆಲ್ ಅನ್ನುವ ಸಣ್ಣ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡದಿರಲಿ ಅಂತ.

ಗೊರೂರಿನ ಹಿನ್ನೀರಿನ ಕಡೆಯ ಗೆಳೆಯರೊಬ್ಬರು ಇಂಥದ್ದೊಂದು ಊರಿಗೆ ತರಬಹುದಾ ಅಂತ ಕೇಳಿದ್ದಾರೆ. ಇಲ್ಲಿಂದ ಹೊತ್ತು ತರುವುದು ದಂಡ. ಪೆಟ್ರೋಲ್ ಕುಡಿದ ಎಂಜಿನ್ನನ್ನು ವಿಮಾನದ ಲಗೇಜಿನಲ್ಲಿ ಬಿಡುವುದೂ ಇಲ್ಲ. ಮಲ್ಪೆ, ಮಂಗಳೂರು ಕಡೆ ನಾಡದೋಣಿಗಳಲ್ಲಿ ಔಟ್‌ಬೋರ್ಡ್‌ಗಳು ಬೇಕಾದಷ್ಟಿವೆ. ಸೀಮೆಎಣ್ಣೆಯಲ್ಲಿ ಓಡುವವೂ ಬಹಳ ಇವೆ, ಅದನ್ನು ಮೊದಲು ಕೇಳಿಕೊಳ್ಳಿ. ಉಪ್ಪುನೀರಲ್ಲಿ ದುಡಿದ ಮೋಟಾರು ಅಂದರೆ ಬೋಲ್ಟುಗಳು ಹಿಡಿದುಕೊಂಡಿರುತ್ತವೆ, ನೀರು ಓಡುವ ದಾರಿಯಲ್ಲಿ ಉಪ್ಪು ಕಟ್ಟಿರುತ್ತದೆ. ಕವರ್ ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ. ಅದಕ್ಕೂ ಮುಂಚೆ ಅಣೆಕಟ್ಟಿನ ನೀರಲ್ಲಿ ಮೋಟಾರು ದೋಣಿ ಇಳಿಸಲು ಅನುಮತಿ ಸಿಗುತ್ತಾ ಅಂತ ನೀರಾವರಿ ನಿಗಮದ ಕಚೇರಿಯಲ್ಲಿ ವಿಚಾರಿಸಿ. ಅದು ಸಿಕ್ಕರೆ ಮಲ್ಪೆಗೆ ಹೋಗುವಾಗ ಮೂಡಿಗೆರೆಯಲ್ಲಿ ಅಣ್ಣನನ್ನೂ ಗಾಡಿ ಹತ್ತಿಸಿಕೊಳ್ಳಿ. ಹೆಂಗೂ ದಾರಿಯಲ್ಲೇ ಇದ್ದಾನೆ.