ರೀ-ರನ್ ಒತ್ತಿದವರು ಯಾರು?

ನಾನು ಸಾಫ್ಟ್‌ವೇರ್ ಟೆಸ್ಟರ್. ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿದ ಕೂಡಲೇ ನಾನು ನೋಡುವುದು ರಾತ್ರಿ ಓಡಿದ ರಿಗ್ರೆಷನ್ ರಿಪೋರ್ಟ್, ಅಂದರೆ ಹೊಸ ಬದಲಾವಣೆಯಿಂದ ಹಳೆಯದೇನಾದರೂ ಕೆಟ್ಟಿದೆಯಾ ಅಂತ ನೋಡುವ ಟೆಸ್ಟ್‌ಗಳ ವರದಿ. ಆಗ ನಮ್ಮಲ್ಲಿ 1,140 ಆಟೋಮೇಷನ್ ಟೆಸ್ಟ್‌ಗಳಿದ್ದವು. ಎಲ್ಲವೂ ಹಸಿರಾಗಿ, ಅಂದರೆ ಪಾಸ್ ಆಗಿ, ಬಂದ ದಿನ ನನಗಂತೂ ನೆನಪಿಲ್ಲ. ಹತ್ತು ಹನ್ನೆರಡು ಕೆಂಪು ಇದ್ದೇ ಇರುತ್ತಿದ್ದವು, ಅದೂ ಇವತ್ತಿನವು ನಾಳೆ ಇಲ್ಲ. ಸುಮ್ನೆ ರೀ-ರನ್ ಒತ್ತುತ್ತಿದ್ದೆವು. ಎರಡನೇ ಸಲಕ್ಕೆ ಹಸಿರಾಗುತ್ತಿತ್ತು. ಆಗದಿದ್ದರೆ ಮೂರನೇ ಸಲ. ಅಷ್ಟಾದರೆ ಕ್ಯೂಎ ಸೈನ್-ಆಫ್, ಅಂದರೆ ರಿಲೀಸ್‌ಗೆ ಟೆಸ್ಟರ್‌ಗಳ ಒಪ್ಪಿಗೆ, ಮುಗೀತು.

ಕೋಡ್‌ನಲ್ಲಿ ಒಂದಕ್ಷರ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗೆ ಫ್ಲೇಕಿ ಅಂತಾರೆ. ಆ ಹೆಸರು ಸಿಕ್ಕಿದ್ದೇ ತಪ್ಪಾಯಿತೇನೋ. ಹೆಸರಿಟ್ಟ ಮೇಲೆ ಕಾರಣ ಹುಡುಕುವುದನ್ನು ಬಿಟ್ಟುಬಿಟ್ಟೆವು.

ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಒಂದು ದಿನ ನನ್ನ ಹತ್ತಿರ ಬಂದಳು. "ಮೇಡಂ, ಒಂದೇ ಆರ್ಡರ್‌ಗೆ ಎರಡು ಸಲ ಪೇಮೆಂಟ್ ಬರುತ್ತಾ ಅಂತ ನೋಡೋ ಟೆಸ್ಟ್ ಇದೆಯಲ್ಲ, ಈ ವಾರ ಎರಡು ಸಲ ಫೇಲ್ ಆಗಿದೆ. ಬಗ್ ಹಾಕಲಾ?"

"ಅದು ಫ್ಲೇಕಿ ಕಣಮ್ಮ. ರೀ-ರನ್ ಕೊಡು, ಪಾಸ್ ಆಗುತ್ತೆ."

ಕೊಟ್ಟಳು. ಪಾಸ್ ಆಯಿತು. ನಾನು ಹೇಳಿದ್ದೇ ನಿಜ ಆಯಿತು ಅಂತ ನನಗೆ ಒಳಗೊಳಗೇ ಖುಷಿ ಬೇರೆ.

ಆ ಗುರುವಾರ ಸಂಜೆ ರಿಲೀಸ್ ಹೋಯಿತು. ಶುಕ್ರವಾರ ಬೆಳಿಗ್ಗೆ ಸಪೋರ್ಟ್‌ನವರ ಫೋನ್ ಬಿಡುವೇ ಕೊಡಲಿಲ್ಲ. ಗ್ರಾಹಕರಿಗೆ ಒಂದೇ ಆರ್ಡರ್‌ಗೆ ಎರಡು ಸಲ ದುಡ್ಡು ಕಟ್ ಆಗಿತ್ತು.

ಲಾಗ್ ತೆಗೆದು ನೋಡಿದೆವು. ಒಂದೇ ಆರ್ಡರ್ ನಂಬರ್, ಎರಡು ಸಾಲು, ನಡುವೆ ಸರಿಯಾಗಿ ಮೂರು ಸೆಕೆಂಡ್ ಅಂತರ. ಇನ್ನೊಂದು ಆರ್ಡರ್ ನೋಡಿದರೆ ಅಲ್ಲೂ ಮೂರು ಸೆಕೆಂಡ್. ಮನುಷ್ಯರು ಬಟನ್ ಒತ್ತಿದ್ದರೆ ಇಷ್ಟು ಕರಾರುವಾಕ್ಕಾಗಿ ಇರೋದಿಲ್ಲ, ಅಲ್ವಾ? ಕೇಳಿದಾಗ ಮೊಬೈಲ್ ಆ್ಯಪ್ ತಂಡದವರು ಹೇಳಿದರು: ಈ ರಿಲೀಸ್‌ನಲ್ಲಿ ಒಂದು ಚಿಕ್ಕ ಬದಲಾವಣೆ ಮಾಡಿದ್ದೇವೆ, ಮೂರು ಸೆಕೆಂಡ್‌ನಲ್ಲಿ ಉತ್ತರ ಬರದಿದ್ದರೆ ಆ್ಯಪ್ ತಾನೇ ಇನ್ನೊಂದು ಸಲ ಕಳಿಸುತ್ತೆ. ಚಿಕ್ಕದು ಅಂತ ಟೆಸ್ಟರ್‌ಗಳಿಗೆ ಯಾರೂ ಹೇಳಿರಲಿಲ್ಲ.

ಸರ್ವರ್ ಕೋಡ್ ಮೂರು ಕೆಲಸ ಮಾಡುತ್ತಿತ್ತು. ಈ ಆರ್ಡರ್‌ಗೆ ದುಡ್ಡು ಬಂದಿದೆಯಾ ಅಂತ ಟೇಬಲ್ ನೋಡುವುದು. ಇಲ್ಲದಿದ್ದರೆ ಬ್ಯಾಂಕಿಗೆ ಕಳಿಸುವುದು. ಉತ್ತರ ಬಂದ ಮೇಲೆ ಟೇಬಲ್‌ನಲ್ಲಿ ಬರೆಯುವುದು. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಬ್ಯಾಂಕ್ ಏಳೆಂಟು ಸೆಕೆಂಡ್ ತೆಗೆದುಕೊಂಡಿತು ಅಂದುಕೊಳ್ಳಿ. ಅಷ್ಟರಲ್ಲಿ ಎರಡನೇ ರಿಕ್ವೆಸ್ಟ್ ಬಂದು ನೋಡಿದರೆ ಟೇಬಲ್ ಇನ್ನೂ ಖಾಲಿ. ಅದೂ ಬ್ಯಾಂಕಿಗೆ ಹೋಯಿತು.

ನಮ್ಮ ಟೆಸ್ಟ್ ಹೇಳುತ್ತಿದ್ದುದು ಇದನ್ನೇ! ಆದರೆ ಟೆಸ್ಟ್ ಸರ್ವರ್‌ನಲ್ಲಿರುವ ಡಮ್ಮಿ ಬ್ಯಾಂಕ್ ಬಹಳ ಒಳ್ಳೆಯದು, ಕೇಳಿದ ತಕ್ಷಣ ಉತ್ತರ ಕೊಡುತ್ತದೆ. ಹಾಗಾಗಿ ಎರಡು ರಿಕ್ವೆಸ್ಟ್ ಡಿಕ್ಕಿಯಾಗುವುದು ಅಪರೂಪ. ಅವತ್ತು ಮಧ್ಯಾಹ್ನ ಆ ಒಂದೇ ಟೆಸ್ಟನ್ನು 500 ಸಲ ಓಡಿಸಿದೆವು. 23 ಸಲ ಫೇಲ್. ಡಮ್ಮಿ ಬ್ಯಾಂಕನ್ನು ಐದು ಸೆಕೆಂಡ್ ನಿಧಾನ ಮಾಡಿ ಓಡಿಸಿದರೆ ಪ್ರತಿ ಸಲವೂ ಫೇಲ್.

ಸೋಮವಾರ ಮೀಟಿಂಗ್. "ಈ ಟೆಸ್ಟ್ ಫೇಲ್ ಆಗಿದ್ದು ಯಾರಿಗೂ ಕಾಣಲಿಲ್ವಾ?" ಅಂತ ಮ್ಯಾನೇಜರ್ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ಆ ಹುಡುಗಿ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ ಹೇಳಿದೆ, ರೀ-ರನ್ ಕೊಡಿಸಿದ್ದು ನಾನು ಅಂತ. ಒಬ್ಬೊಬ್ಬರಾಗಿ ಉಳಿದವರೂ ಒಪ್ಪಿಕೊಂಡರು. ಹಾಗೆ ನೋಡಿದರೆ ಇದು ನಮ್ಮೊಬ್ಬರ ಕಥೆಯಲ್ಲ. ಗೂಗಲ್‌ನವರೇ 2016ರಲ್ಲಿ ಬರೆದುಕೊಂಡಿದ್ದಾರೆ, ಅವರ ಟೆಸ್ಟ್‌ಗಳಲ್ಲಿ ಹತ್ತಿರ ಹತ್ತಿರ 16% ಒಂದಲ್ಲ ಒಂದು ಮಟ್ಟಿಗೆ ಫ್ಲೇಕಿ ಅಂತ. ಆದರೆ ಅದನ್ನು ಮೀಟಿಂಗ್‌ನಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆ ರಾತ್ರಿ ನನಗೆ ಥೆರಾಕ್-25 ನೆನಪಾಯಿತು. ಕಾಲೇಜಿನಲ್ಲಿ ಓದಿ ಮರೆತಿದ್ದ ವಿಷಯ. ಕ್ಯಾನ್ಸರ್‌ಗೆ ವಿಕಿರಣ ಕೊಡುವ ಯಂತ್ರ ಅದು. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಸಲ ರೋಗಿಗಳಿಗೆ ವಿಪರೀತ ಡೋಸ್ ಕೊಟ್ಟಿತು. ಅಲ್ಲೂ ಇದ್ದ ತಪ್ಪುಗಳಲ್ಲೊಂದು ಇದೇ ಜಾತಿಯದು. ಆಪರೇಟರ್ ಬೇಗ ಬೇಗ ಟೈಪ್ ಮಾಡಿ ತಿದ್ದಿದರೆ ಮಾತ್ರ ಕಾಣಿಸಿಕೊಳ್ಳುವ ರೇಸ್ ಕಂಡೀಷನ್, ಅಂದರೆ ಒಟ್ಟಿಗೆ ನಡೆಯುವ ಎರಡು ಕೆಲಸಗಳಲ್ಲಿ ಯಾವುದು ಮೊದಲು ಅನ್ನುವುದರ ಮೇಲೆ ಫಲಿತಾಂಶ ಬದಲಾಗುವ ತಪ್ಪು. ಸ್ಕ್ರೀನ್ ಮೇಲೆ 'ಮಾಲ್‌ಫಂಕ್ಷನ್ 54' ಅಂತ ಬರುತ್ತಿತ್ತು. ಇಂಥ ಸಂದೇಶಗಳು ಆ ಯಂತ್ರದಲ್ಲಿ ಎಷ್ಟು ಮಾಮೂಲಿ ಅಂದರೆ, ಆಪರೇಟರ್‌ಗಳು 'ಪಿ' ಕೀ ಒತ್ತಿ ಮುಂದುವರಿಸುವುದು ಅಭ್ಯಾಸ ಮಾಡಿಕೊಂಡಿದ್ದರು. ಪಿ ಅಂದರೆ ಪ್ರೊಸೀಡ್. ನಮ್ಮ ಸಾಫ್ಟ್‌ವೇರ್‌ನಿಂದ ಯಾರ ಜೀವವೂ ಹೋಗಿರಲಿಲ್ಲ, ನಿಜ. ಆದರೂ ಆ ಕೀ ಮತ್ತು ನಮ್ಮ ರೀ-ರನ್ ಬಟನ್ ನನಗೆ ಒಂದೇ ಥರ ಕಂಡವು.

ಕೋಡ್ ಸರಿಮಾಡಲು ಎರಡು ದಿನ ಸಾಕಾಯಿತು. ಬ್ಯಾಂಕಿಗೆ ಹೋಗುವ ಮೊದಲೇ ಟೇಬಲ್‌ನಲ್ಲಿ ಸಾಲು ಬರೆದು, ಅದೇ ಆರ್ಡರ್‌ಗೆ ಎರಡನೇ ಸಾಲು ಸೇರದಂತೆ ಯೂನಿಕ್ ಇಂಡೆಕ್ಸ್ ಹಾಕಿದರು. ನಮ್ಮ ಅಭ್ಯಾಸ ಸರಿಮಾಡಲು ಮೂರು ತಿಂಗಳು ಬೇಕಾಯಿತು. ಆಟೋಮ್ಯಾಟಿಕ್ ರೀ-ರನ್ ತೆಗೆದೆವು. ಕೈಯಿಂದ ಒತ್ತಿದರೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಕಾರಣ ಬರೆಯದೆ ಮುಂದೆ ಹೋಗುವಂತಿಲ್ಲ. ಮೊದಲ ವಾರ ಅದರಲ್ಲಿ ಬಂದ ಕಾರಣಗಳು: ನೆಟ್‌ವರ್ಕ್, ನೆಟ್‌ವರ್ಕ್, ಗೊತ್ತಿಲ್ಲ, ನೆಟ್‌ವರ್ಕ್. ಒಬ್ಬ ಪುಣ್ಯಾತ್ಮ ಬರೀ ಚುಕ್ಕಿ ಇಟ್ಟಿದ್ದ.

ಫ್ಲೇಕಿ ಅಂತ ಹಣೆಪಟ್ಟಿ ಹೊತ್ತ 61 ಟೆಸ್ಟ್‌ಗಳನ್ನು ಬೇರೆ ತೆಗೆದಿಟ್ಟೆವು. ಒಂದೊಂದಕ್ಕೂ ಒಬ್ಬರ ಹೆಸರು, ಎರಡು ವಾರದ ಗಡುವು. ಸರಿಮಾಡಬೇಕು, ಇಲ್ಲವೇ ಅಳಿಸಬೇಕು. 38ರಲ್ಲಿ ತಪ್ಪು ಟೆಸ್ಟಿನದೇ ಆಗಿತ್ತು. ಪೇಜ್ ಲೋಡ್ ಆಗಲು ಕಣ್ಣು ಮುಚ್ಚಿ ಎರಡು ಸೆಕೆಂಡ್ ಕಾಯುವುದು, ಇನ್ನೊಂದು ಟೆಸ್ಟ್ ಬಳಸುವ ಡೇಟಾವನ್ನೇ ಅಳಿಸುವುದು, ಇಂಥವು. ಅರ್ಧದಷ್ಟನ್ನು ಬರೆದವಳು ನಾನೇ. 19 ಯಾಕಿವೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ, ಅಳಿಸಿದೆವು. ಉಳಿದ ನಾಲ್ಕು ನಿಜವಾದ ಬಗ್‌ಗಳು.

ಇದರಿಂದ ಒಂದು ರಿಲೀಸ್ ಎರಡು ವಾರ ತಡವಾಯಿತು. ಮ್ಯಾನೇಜರ್ ಗೊಣಗಿದರು, ಆದರೆ ತಡೆಯಲಿಲ್ಲ. ಯಾರು ಎಷ್ಟು ಬಗ್ ಹಾಕಿದರು ಅಂತ ಟೆಸ್ಟರ್‌ಗಳನ್ನು ಅಳೆಯುವ ಪಟ್ಟಿಯೂ ಅದೇ ಹೊತ್ತಿಗೆ ನಿಂತಿತು. ಅದು ಇದ್ದಾಗ ನಾವು ಸ್ಪೆಲಿಂಗ್ ತಪ್ಪುಗಳಿಗೇ ಒಂದೊಂದು ಟಿಕೆಟ್ ಹಾಕುತ್ತಿದ್ದೆವು, ನಾಚಿಕೆಯಿಲ್ಲದೆ.

ಈಗ ಆ್ಯಪ್ ತಂಡ ಏನೇ ಬದಲಾಯಿಸುವ ಮೊದಲು ನಮ್ಮನ್ನೂ ಕೂರಿಸಿಕೊಳ್ಳುತ್ತದೆ. ಅಲ್ಲಿ ಆ ಹುಡುಗಿಯದು ಒಂದೇ ಪ್ರಶ್ನೆ: "ಆ ಕಡೆಯವರು ನಿಧಾನ ಮಾಡಿದರೆ ಏನಾಗುತ್ತೆ?" ಡೆವಲಪರ್‌ಗಳು ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಲು ಶುರು ಮಾಡಿದ್ದಾರೆ.

ಹೋದ ವಾರ ಸಂಜೆ ಹೊರಡುವ ಅವಸರದಲ್ಲಿದ್ದೆ. ಒಂದು ಟೆಸ್ಟ್ ಕೆಂಪಾಯಿತು. ಕೈ ತಾನಾಗಿ ರೀ-ರನ್ ಮೇಲೆ ಹೋಯಿತು. ಪೆಟ್ಟಿಗೆ ತೆರೆಯಿತು. 'ನೆಟ್‌ವರ್ಕ್ ಇರಬಹುದು' ಅಂತ ಟೈಪ್ ಮಾಡಿದೆ. ಅಳಿಸಿದೆ. ಬ್ಯಾಗ್ ಕೆಳಗಿಟ್ಟು ಲಾಗ್ ತೆರೆದು ನಲವತ್ತು ನಿಮಿಷ ಹುಡುಕಿದೆ.

ನೆಟ್‌ವರ್ಕೇ ಆಗಿತ್ತು.